ಹೆಸರಾಂತ ಕಲಾವಿದರು ತೀರಿಕೊಂಡಾಗ ನಾವು ನಡೆದುಕೊಳ್ಳುವ ರೀತಿ: ಒಂದಿಷ್ಟು ಮಾತಾಡೋಣ

ಸಂಜೆಗಾಳಿ

ಜನಪ್ರಿಯ ನಟರೋ ಗಾಯಕರೋ ತೀರಿಕೊಂಡ ದಿನ ಫೋನ್ ಕೈಗೆತ್ತಿಕೊಳ್ಳೋಕೇ ಬೇಜಾರು. ಸಾವಿನ ಸುದ್ದಿ ಒಂದು ಕಡೆ. ಅದರ ಕೆಳಗೆ ನಡೆಯುವ ಜಗಳ ಇನ್ನೊಂದು ಕಡೆ. ಮೊದಲು ‘ಓಂ ಶಾಂತಿ’ ಸಾಲುಗಟ್ಟುತ್ತದೆ. ಸ್ವಲ್ಪ ಹೊತ್ತಿಗೆ ‘ಏನಾಗಿತ್ತು, ಜೊತೆಗೆ ಯಾರಿದ್ದರು, ಕುಡಿಯುತ್ತಿದ್ದರಾ’ ಅಂತ ವಿಚಾರಣೆ. ಸಂಜೆಯಾಗುತ್ತಲೇ ‘ಸೈನಿಕ ಸತ್ತಾಗ ಎಲ್ಲಿದ್ದಿರಿ, ಮುಖ ನೋಡದವರಿಗೆ ಯಾಕೆ ಅಳ್ತೀರಿ’ ಅನ್ನುವವರು ಬರುತ್ತಾರೆ.

ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾಯಿತು ಅನ್ನುವವರಿಗೆ ಒಂದು ಮಾತು. ಮೂಕಿಚಿತ್ರಗಳ ನಟ ರುಡಾಲ್ಫ್ ವ್ಯಾಲೆಂಟಿನೋ 1926ರ ಆಗಸ್ಟ್ 23ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 31 ವರ್ಷ. ಅಂತಿಮ ದರ್ಶನಕ್ಕೆ ಸುಮಾರು ಒಂದು ಲಕ್ಷ ಜನ ಸೇರಿದರು. ನೂಕುನುಗ್ಗಲಿನಲ್ಲಿ ಕಿಟಕಿ ಗಾಜು ಒಡೆದವು. ಕುದುರೆ ಪೊಲೀಸರು ಬರಬೇಕಾಯಿತು. ಸತ್ತಿದ್ದು ಹೊಟ್ಟೆಯ ಸೋಂಕಿನಿಂದ. ಊರು ತುಂಬ ಹಬ್ಬಿದ್ದು ಮಾತ್ರ ವಿಷ ಹಾಕಿದರು ಎಂಬ ಗಾಳಿಸುದ್ದಿ. ಅಂದರೆ ಸುಮಾರು 100 ವರ್ಷದ ಹಿಂದೆಯೇ ದುಃಖ, ನೂಕಾಟ, ಪುಕಾರು ಮೂರೂ ಒಟ್ಟಿಗೇ ಇದ್ದವು.

ನನ್ನ ನಿಲುವು ಇಷ್ಟು. ಅಳುವವರನ್ನು ಯಾಕೆ ಅಳ್ತೀರಿ ಅಂತ ಕೇಳಬಾರದು. ಹಾಗೆಯೇ ನಮ್ಮ ಅಳು ಆ ಮನೆಯವರ ತಲೆ ಮೇಲೆ ಕೂರಬಾರದು. ಈ ಎರಡನೆಯದನ್ನು ನಾವು ಪೂರ್ತಿ ಮರೆತಿದ್ದೇವೆ ಅನ್ನಿಸುತ್ತದೆ. ನಿಮಗೇನನ್ನಿಸುತ್ತದೆ, ಹೇಳಿ.

ಹಳೇ ಕ್ಯಾಸೆಟ್

ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ‘ಅವರು ನಿಮಗೆ ಯಾರು’ ಅಂತ ಕೇಳುವವರಿಗೆ ಒಂದೇ ಉತ್ತರ: ದಿನಾ ಕೇಳಿದ ದನಿ. 2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ಹೋದಾಗ ಅವರನ್ನು ಒಮ್ಮೆಯೂ ಕಣ್ಣಾರೆ ನೋಡದವರೇ ಜಾಸ್ತಿ ಅತ್ತರು. ಅವರ ಹಾಡು ಕೇಳುತ್ತ ಓದಿ ಬರೆದವರು, ರಾತ್ರಿ ಪಾಳಿ ಕಳೆದವರು, ಪ್ರೀತಿ ಮುರಿದುಕೊಂಡು ಎದ್ದು ನಿಂತವರು ಎಷ್ಟು ಮಂದಿ! ಆ ದನಿಯ ಜೊತೆ ತಮ್ಮ ಬದುಕಿನ ಒಂದು ಭಾಗವೇ ಹೋಯಿತು ಅನ್ನಿಸುವುದು ಸಹಜ.

ಇದನ್ನು ಬಲ್ಲವರು ಬರೆದೂ ಇದ್ದಾರೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲೇ, ಟಿವಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಈ ಒಂದು ಕಡೆಯ ನಂಟಿನ ಬಗ್ಗೆ ಲೇಖನ ಬರೆದರು. ತೆರೆಯ ಮೇಲಿನ ಮನುಷ್ಯ ನಮ್ಮ ಕಡೆಗೇ ನೋಡಿ ಮಾತಾಡುತ್ತಾನೆ. ದಿನಾ ಅದೇ ಹೊತ್ತಿಗೆ ಬರುತ್ತಾನೆ. ನಾವು ಅವನ ಸ್ವಭಾವವನ್ನು ಕಲಿಯುತ್ತೇವೆ. ಅವನಿಗೆ ನಾವು ಗೊತ್ತಿಲ್ಲ ಅಷ್ಟೇ. ಗೊತ್ತಿಲ್ಲದಿದ್ದರೆ ನಮ್ಮ ಕಡೆಯ ನಂಟು ಸುಳ್ಳಾಗುತ್ತದಾ?

ಸಾಮಾನ್ಯವಾಗಿ ಸಾವಾದ ಮನೆಗೆ ಹೋಗುತ್ತೇವೆ, ಯಾರದ್ದೋ ಕೈ ಹಿಡಿದುಕೊಳ್ಳುತ್ತೇವೆ. ಅಭಿಮಾನಿಗೆ ಆ ಜಾಗವೇ ಇಲ್ಲ. ರಜೆ ಕೇಳಿದರೆ ನಗುತ್ತಾರೆ. ಅದಕ್ಕೇ ಎಲ್ಲರೂ ಬಂದು ಇಂಥ ಕಡೆ ಬರೆಯುವುದು. ಬರೆಯಲಿ ಬಿಡಿ.

ನೇರಮಾತು

ಬರೆಯಲಿ ಸರ್, ಯಾರು ಬೇಡ ಅಂದರು. ಆದರೆ ಬರೆಯದವರನ್ನು ಯಾಕೆ ಹಿಡಿದು ಬೈಯುತ್ತಾರೆ? ಡಿಪಿ ಕಪ್ಪು ಮಾಡಲಿಲ್ಲ ಅಂತ, ಇನ್ನೊಬ್ಬ ನಟ ಒಂದು ಗಂಟೆ ತಡವಾಗಿ ಸಂತಾಪ ಹಾಕಿದ ಅಂತ, ಅಂತ್ಯಕ್ರಿಯೆಯಲ್ಲಿ ಕಪ್ಪು ಕನ್ನಡಕ ಹಾಕಿದ್ದರು ಅಂತ. ಅಳು ಬರದ ಕಣ್ಣಿಗೂ ಲೆಕ್ಕ ಕೇಳುತ್ತಾರೆ. ದುಃಖವನ್ನು ಹೀಗೆ ಹಾಜರಿ ಪುಸ್ತಕ ಮಾಡಿದ್ದು ನನಗೆ ಸಹಿಸೋಕೆ ಆಗುವುದಿಲ್ಲ.

ಇನ್ನೊಂದು. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ಹೋದರು. ಹುಡುಕಾಟ ಒಮ್ಮೆಲೇ ಎಷ್ಟು ಏರಿತು ಅಂದರೆ ಗೂಗಲ್ ಅದನ್ನು ಯಾರೋ ನಡೆಸುತ್ತಿರುವ ದಾಳಿ ಅಂದುಕೊಂಡಿತು. ಅದೇ ದಿನ ಬೆಳಿಗ್ಗೆ ನಟಿ ಫ್ಯಾರಾ ಫಾಸೆಟ್ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. 1970ರ ದಶಕದಲ್ಲಿ ಅವರ ಪೋಸ್ಟರ್ ಇಲ್ಲದ ಗೋಡೆ ಅಮೆರಿಕದಲ್ಲಿ ಕಮ್ಮಿ. ಸಂಜೆಯ ಸುದ್ದಿಯಲ್ಲಿ ಅವರಿಗೆ ಜಾಗವೇ ಉಳಿಯಲಿಲ್ಲ. ನಮ್ಮ ದುಃಖ ನಿಜ, ಒಪ್ಪಿದೆ. ಆದರೆ ಯಾರಿಗೆ ಎಷ್ಟು ಅನ್ನುವುದನ್ನು ಅವತ್ತಿನ ಸುದ್ದಿಯ ಗದ್ದಲವೂ ನಿರ್ಧರಿಸುತ್ತದೆ, ಅಲ್ವಾ?

ಸುದ್ದಿಮನೆ

ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡುವವನಾಗಿ ಒಳಗಿನ ಚಿತ್ರ ಕೊಡುತ್ತೇನೆ.

ವಯಸ್ಸಾದ ದೊಡ್ಡ ಕಲಾವಿದರ ಬಗ್ಗೆ ಬರಹ ಮೊದಲೇ ಸಿದ್ಧ ಇರುತ್ತದೆ. ಹುಟ್ಟು, ಮೊದಲ ಸಿನಿಮಾ, ಪ್ರಶಸ್ತಿ, ಮನೆಯವರು, ಎಲ್ಲ ಬರೆದಿಟ್ಟು, ದಿನಾಂಕ ಮತ್ತು ವಯಸ್ಸಿನ ಜಾಗ ಖಾಲಿ ಬಿಟ್ಟಿರುತ್ತೇವೆ. ಹೊರಗಿನವರಿಗೆ ಇದು ಕ್ರೂರ ಅನ್ನಿಸಬಹುದು. ನನಗೆ ಹಾಗನ್ನಿಸಿಲ್ಲ. 60 ವರ್ಷ ದುಡಿದ ಕಲಾವಿದರ ಬದುಕನ್ನು 20 ನಿಮಿಷದಲ್ಲಿ ಅವಸರಕ್ಕೆ ಬರೆಯುವುದೇ ಅವರಿಗೆ ಮಾಡುವ ಅವಮಾನ. ಹಾಲಿವುಡ್ ನಟಿ ಎಲಿಜಬೆತ್ ಟೇಲರ್ 2011ರಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಹಾಕಿದ ಬರಹ ಮೆಲ್ ಗುಸ್ಸೊ ಅವರದ್ದು. ಗುಸ್ಸೊ 2005ರಲ್ಲೇ ತೀರಿಕೊಂಡಿದ್ದರು. ಅವರು ಶ್ರದ್ಧೆಯಿಂದ ಬರೆದಿಟ್ಟಿದ್ದು ಆರು ವರ್ಷದ ನಂತರ ಕೆಲಸಕ್ಕೆ ಬಂತು.

ಸಿದ್ಧ ಬರಹ ಕೈತಪ್ಪುವುದೂ ಉಂಟು. 1998ರಲ್ಲಿ ಹಾಸ್ಯನಟ ಬಾಬ್ ಹೋಪ್ ಅವರ ಬರಹ ಸುದ್ದಿಸಂಸ್ಥೆಯೊಂದರ ಜಾಲತಾಣದಲ್ಲಿ ಕಾಣಿಸಿಕೊಂಡುಬಿಟ್ಟಿತು. ಅಮೆರಿಕದ ಸಂಸತ್ತಿನಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಅವರ ಸಾವನ್ನು ಘೋಷಿಸಿದರು. ಹೋಪ್ ಮನೆಯಲ್ಲಿ ಆರಾಮಾಗಿದ್ದರು. ಆಮೇಲೂ ಐದು ವರ್ಷ ಬದುಕಿ, ನೂರು ತುಂಬಿಸಿಕೊಂಡು, 2003ರಲ್ಲಿ ಹೋದರು.

ನಮ್ಮ ದೊಡ್ಡ ಕಷ್ಟ ಅಂದರೆ ವೇಗ. ‘ಅವರು ಹಾಕಿದ್ದಾರೆ, ನಾವಿನ್ನೂ ಹಾಕಿಲ್ಲ’ ಎಂಬ ಒತ್ತಡ. ಮನೆಯವರೋ ಆಸ್ಪತ್ರೆಯೋ ಹೇಳುವವರೆಗೆ ತಡೆದು ಕೂರಲು ನಿಜಕ್ಕೂ ಎದೆಗಾರಿಕೆ ಬೇಕು. ಜಾಕ್ಸನ್ ಹೋದ ಅದೇ ದಿನ ನಟ ಜೆಫ್ ಗೋಲ್ಡ್‌ಬ್ಲಮ್ ನ್ಯೂಜಿಲೆಂಡ್‌ನಲ್ಲಿ ಬಂಡೆಯಿಂದ ಬಿದ್ದು ಸತ್ತರು ಅಂತ ಹಬ್ಬಿತು. ಆಸ್ಟ್ರೇಲಿಯಾದ ಟಿವಿ ವಾಹಿನಿಯೊಂದು ನೇರಪ್ರಸಾರದಲ್ಲೇ ಅದನ್ನು ಹೇಳಿತು. ಅವರು ಬದುಕಿದ್ದರು. 2024ರ ಫೆಬ್ರುವರಿಯಲ್ಲಿ ನಟಿ ಪೂನಂ ಪಾಂಡೆ ಸತ್ತಿದ್ದಾರೆ ಅಂತ ಅವರದೇ ಖಾತೆಯಲ್ಲಿ ಬಂತು. ಮರುದಿನ ಅವರೇ ಬಂದು, ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಜಾಗೃತಿಗೆ ಹೀಗೆ ಮಾಡಿದೆ ಅಂದರು. ಕಾರಣ ಒಳ್ಳೆಯದೇ ಇರಬಹುದು. ಆದರೆ ಮುಂದಿನ ಸಲ ನಿಜವಾದ ಸುದ್ದಿಯನ್ನೂ ಜನ ನಂಬದ ಹಾಗಾಯಿತು.

ಆದ್ದರಿಂದ ದಯವಿಟ್ಟು, ಮೂಲ ಯಾವುದು ಅಂತ ನೋಡದೆ ಫಾರ್ವರ್ಡ್ ಮಾಡಬೇಡಿ. ಸುಳ್ಳು ಸಾವಿನ ಸುದ್ದಿ ಮೊದಲು ಮುಟ್ಟುವುದು ಅವರ ವಯಸ್ಸಾದ ತಾಯಿಯನ್ನೋ ಶಾಲೆಗೆ ಹೋದ ಮಗುವನ್ನೋ.

ಮೂರನೇ ಸಾಲು

ಸುದ್ದಿಮನೆ ಅಣ್ಣ, ತುಂಬ ಒಳ್ಳೆಯ ವಿವರ. ಬರಹ ಮೊದಲೇ ಸಿದ್ಧ ಇರುತ್ತದೆ ಅಂತ ಗೊತ್ತೇ ಇರಲಿಲ್ಲ.

ನೆರಳು ಬೆಳಕು

ಮನೋವೈದ್ಯಕೀಯ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಕಲಾವಿದರು ತಾವಾಗಿ ಜೀವ ಕಳೆದುಕೊಂಡ ಸಂದರ್ಭದ ಬಗ್ಗೆ ಯಾರೂ ಹೇಳಿಲ್ಲ. ಅದನ್ನು ಹೇಳಲೇಬೇಕು.

ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ 2014ರ ಆಗಸ್ಟ್ 11ರಂದು ಹೋದರು. ಆ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಅಮೆರಿಕದಲ್ಲಿ ಆತ್ಮಹತ್ಯೆಗಳು ನಿರೀಕ್ಷೆಯ ಲೆಕ್ಕಕ್ಕಿಂತ ಸುಮಾರು ಶೇ 10ರಷ್ಟು ಜಾಸ್ತಿಯಾದವು ಅಂತ 2018ರಲ್ಲಿ ಬಂದ ಅಧ್ಯಯನ ಹೇಳಿತು. ಅಂದರೆ 1,800ಕ್ಕೂ ಹೆಚ್ಚು ಜೀವ. ಸುದ್ದಿಯೊಂದೇ ಕಾರಣ ಅಂತ ಯಾರೂ ಹೇಳುವುದಿಲ್ಲ. ಆದರೆ ಆಗಲೇ ಕತ್ತಲಲ್ಲಿ ಕೂತವರಿಗೆ ನಮ್ಮ ಮಾತು ಹೇಗೆ ತಲುಪುತ್ತದೆ ಅನ್ನುವುದು ಮುಖ್ಯ. ಆ ದಿನ ಆಸ್ಕರ್ ಅಕಾಡೆಮಿ ಅವರ ಒಂದು ಪಾತ್ರವನ್ನು ನೆನೆದು, ನೀನೀಗ ಸ್ವತಂತ್ರ ಎಂಬ ಅರ್ಥದ ಸಾಲು ಹಾಕಿತು. ಪ್ರೀತಿಯಿಂದಲೇ ಹಾಕಿದ್ದು. ಲಕ್ಷಾಂತರ ಜನ ಹಂಚಿದರು. ಆತ್ಮಹತ್ಯೆ ತಡೆಯ ಕೆಲಸದಲ್ಲಿರುವವರು ಮಾತ್ರ ಗಾಬರಿಯಾದರು. ಸಾವನ್ನು ಬಿಡುಗಡೆ ಅಂತ ತೋರಿಸಿದರೆ, ಆ ಬಿಡುಗಡೆಗಾಗಿ ಕಾಯುತ್ತಿರುವವರು ಅದನ್ನು ಓದುತ್ತಿರುತ್ತಾರೆ.

1994ರಲ್ಲಿ ರಾಕ್ ಗಾಯಕ ಕರ್ಟ್ ಕೋಬೇನ್ ಹೋದಾಗಿನ ಅನುಭವ ಬೇರೆ. ಸಿಯಾಟಲ್‌ನಲ್ಲಿ ಸಾವಿರಾರು ಅಭಿಮಾನಿಗಳು ಸೇರಿದರು. ಸಹಾಯವಾಣಿಗೆ ಕರೆಗಳು ಜಾಸ್ತಿ ಬಂದವು. ಭಯಪಟ್ಟ ಹಾಗೆ ಅಲ್ಲಿ ಸಾವುಗಳು ಏರಲಿಲ್ಲ. ಹಾಡನ್ನು ಹೊಗಳುತ್ತಲೇ ಸಾವನ್ನು ಹೊಗಳದೆ ಮಾತಾಡಲು ಆಗುತ್ತದೆ. ಸಹಾಯ ಎಲ್ಲಿ ಸಿಗುತ್ತದೆ ಅಂತ ಜೊತೆಗೇ ಹೇಳಲೂ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳು ಸರಳ. ಹೇಗೆ ಮಾಡಿಕೊಂಡರು ಅಂತ ವಿವರಿಸಬೇಡಿ. ಜಾಗದ ಫೋಟೋ ಹಾಕಬೇಡಿ. ಪತ್ರ ಪ್ರಕಟಿಸಬೇಡಿ. ಒಂದೇ ಕಾರಣ ಕೊಟ್ಟು ಮುಗಿಸಬೇಡಿ. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಇವನ್ನೇ ಆಧರಿಸಿ ಮಾರ್ಗಸೂಚಿ ಹೊರಡಿಸಿತು. ಮರುವರ್ಷವೇ ಸುಶಾಂತ್ ಸಿಂಗ್ ರಜಪೂತ್ ಹೋದಾಗ ಅದರಲ್ಲಿ ಒಂದೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಸ್ಟುಡಿಯೋಗಳೇ ಕೋರ್ಟುಗಳಾದವು. ಅವರ ಗೆಳತಿಯಾಗಿದ್ದ ಹೆಣ್ಣುಮಗಳನ್ನು ದೇಶವೇ ಕೊಲೆಗಾತಿ ಅಂತ ಕರೆಯಿತು. ಕೊನೆಗೆ 2025ರಲ್ಲಿ ಸಿಬಿಐ ತನಿಖೆ ಮುಗಿಸಿ ಮುಕ್ತಾಯ ವರದಿ ಕೊಟ್ಟಿತು. ಆ ವರ್ಷಗಳನ್ನು ಅವರಿಗೆ ಯಾರು ವಾಪಸ್ ಕೊಡುತ್ತಾರೆ?

ಇದನ್ನು ಓದುತ್ತಿರುವ ಯಾರಿಗಾದರೂ ಭಾರ ಅನ್ನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಳೇ ಕ್ಯಾಸೆಟ್

ಮೇಡಂ, ಆ ನಂಬರ್ ಹಾಕಿದ್ದಕ್ಕೆ ಧನ್ಯವಾದ. ‘ಬಿಡುಗಡೆ ಸಿಕ್ಕಿತು’ ಅಂತ ಎಲ್ಲರೂ ಸಲೀಸಾಗಿ ಬರೆಯುತ್ತೇವೆ. ಅದರ ಇನ್ನೊಂದು ಮುಖವನ್ನು ತೋರಿಸಿದಿರಿ.

ಕಾಲುದಾರಿ

ಗುಂಪಿನ ವಿಷಯಕ್ಕೆ ಬರುತ್ತೇನೆ. ಅಭಿಮಾನಿಗಳು ಅಂದರೆ ದೊಂಬಿ ಅಂತ ಬರೆಯುವವರನ್ನು ಕಂಡರೆ ನೋವಾಗುತ್ತದೆ. ದೊಂಬಿ, ಶಾಂತವಾದ ಸಾಲು ಎರಡೂ ನಮ್ಮಲ್ಲೇ ನಡೆದಿವೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಹೋದಾಗ ಬೆಂಗಳೂರಿನಲ್ಲಿ ಎಲ್ಲ ಕೈಮೀರಿತು. ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿ ಎಂಟು ಮಂದಿ ಜೀವ ಕಳೆದುಕೊಂಡರು. ಎಲ್ಲರಿಗೂ ಬೇಕಾಗಿದ್ದು ಒಂದು ಸಲ ಮುಖ ನೋಡುವುದು. ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕೂಡಲೇ ಗುಂಪು ನುಗ್ಗುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ಹೋದರು. 46 ವರ್ಷ. ಯಾರಿಗೂ ನಂಬೋಕೇ ಆಗಲಿಲ್ಲ. ಅವತ್ತು ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಇಟ್ಟು, ವಿದೇಶದಿಂದ ಮಗಳು ಬರುವವರೆಗೂ ಕಾದು, 31ರ ಬೆಳಗಿನ ಜಾವ ಅಂತ್ಯಕ್ರಿಯೆ ಮಾಡಿದರು. ಲಕ್ಷಾಂತರ ಜನ ಬಂದರು, ಸಾಲಿನಲ್ಲಿ ನಿಂತರು, ನೋಡಿಕೊಂಡು ಹೋದರು. ಜನ ಅದೇ ಜನ. ಸಾಲು ಇತ್ತು, ಹೊತ್ತು ಇತ್ತು, ಸಿಗುತ್ತದೆ ಎಂಬ ಭರವಸೆ ಇತ್ತು. ವ್ಯತ್ಯಾಸ ಅಲ್ಲೇ ಇರುವುದು ಅಂತ ನನ್ನ ಗಟ್ಟಿ ನಂಬಿಕೆ.

ಕೈರೋದಲ್ಲಿ ಗಾಯಕಿ ಉಮ್ ಕುಲ್ಸುಮ್ 1975ರಲ್ಲಿ ತೀರಿಕೊಂಡಾಗ ಜನ ಶವಪೆಟ್ಟಿಗೆಯನ್ನು ಹೊತ್ತವರ ಹೆಗಲಿಂದ ತಾವೇ ತೆಗೆದುಕೊಂಡು, ಅವರಿಗೆ ಇಷ್ಟವಾದ ಮಸೀದಿಗೆ ಹೊತ್ತು ನಡೆದರು. ಸರ್ಕಾರ ಹಾಕಿದ ದಾರಿ ಒಂದು, ಜನ ನಡೆದ ದಾರಿ ಒಂದು. ಇಂಥದ್ದನ್ನು ದೊಂಬಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ತಂಗಾಳಿ

ಅಣ್ಣ, ಜನರ ಪ್ರೀತಿ ಸರಿ. ಮನೆಯವರ ಕಡೆಯಿಂದ ನೋಡಿದರೆ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ. ನಮ್ಮ ಚಿಕ್ಕಪ್ಪ ನಾಟಕ ಕಂಪನಿಯ ಹಾಸ್ಯಗಾರ. ದೊಡ್ಡ ಹೆಸರಲ್ಲ, ಆದರೆ ಕೆಲವು ಕಡೆ ಜನ ಕೈಹಿಡಿದು ಮಾತಾಡಿಸುತ್ತಿದ್ದರು. ಅವರು ಹೋದ ದಿನ ಗುರುತು ಪರಿಚಯ ಇಲ್ಲದವರೆಲ್ಲ ಬಂದರು. ನಿಜಕ್ಕೂ ಖುಷಿಯಾಯಿತು, ಅವರನ್ನು ಇಷ್ಟು ಜನ ನೆನೆಯುತ್ತಾರಲ್ಲ ಅಂತ. ಆದರೆ ಒಬ್ಬರು ಫೋನ್ ಎತ್ತಿ ಹಿಡಿದು, ತಲೆ ತಗ್ಗಿಸಿ ಕೂತಿದ್ದ ಚಿಕ್ಕಮ್ಮನಿಗೆ ‘ಅಮ್ಮ, ಸ್ವಲ್ಪ ಈ ಕಡೆ ನೋಡಿ’ ಅಂದರು. ಚಿಕ್ಕಮ್ಮ ತಲೆ ಎತ್ತಿ ನೋಡಿಬಿಟ್ಟರು. ಬಂದವರಿಗೆ ಬೇಜಾರಾಗಬಾರದು ಅಂತ. ಆ ವಿಡಿಯೋ ಇವತ್ತಿಗೂ ಎಲ್ಲೋ ಇದೆ.

2024ರ ಅಕ್ಟೋಬರ್‌ನಲ್ಲಿ ಗಾಯಕ ಲಿಯಾಮ್ ಪೇನ್ ತೀರಿಕೊಂಡಾಗ ಒಂದು ಸುದ್ದಿತಾಣ ಮೃತದೇಹದ ಭಾಗ ಕಾಣುವ ಚಿತ್ರ ಹಾಕಿತು. ಜನ ಛೀಮಾರಿ ಹಾಕಿದ ಮೇಲೆ ತೆಗೆಯಿತು. ಜನ ಬೈದದ್ದು ಒಳ್ಳೆಯದಾಯಿತು. ಇಂಥ ಕಡೆ ಸಿಟ್ಟು ಬರಲೇಬೇಕು.

ಸಂಜೆಗಾಳಿ

ತಂಗಾಳಿ, ನಾನು ಮೊದಲು ಹೇಳಲು ಹೊರಟಿದ್ದು ಇದನ್ನೇ. ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ 1980ರ ಡಿಸೆಂಬರ್ 8ರಂದು ಹತ್ಯೆಯಾದಾಗ ಅವರ ಹೆಂಡತಿ ಯೋಕೋ ಓನೊ ಅಂತ್ಯಕ್ರಿಯೆ ಸಮಾರಂಭ ಇರುವುದಿಲ್ಲ ಅಂದರು. ಬದಲಿಗೆ 14ರ ಭಾನುವಾರ ಹತ್ತು ನಿಮಿಷ ಮೌನವಾಗಿರಿ, ನೀವಿರುವಲ್ಲೇ ಇರಿ ಅಂತ ಕೇಳಿದರು. ಹಲವು ರೇಡಿಯೋ ಕೇಂದ್ರಗಳು ಆ ಹತ್ತು ನಿಮಿಷ ಪ್ರಸಾರವನ್ನೇ ನಿಲ್ಲಿಸಿದವು. ಮನೆಯವರು ಏನು ಬೇಕು ಅಂತ ಹೇಳಿದರೆ ಜನ ಕೇಳುತ್ತಾರೆ. ನಾವು ಅವರನ್ನು ಕೇಳುವುದೇ ಕಮ್ಮಿ.

ಮೂರನೇ ಸಾಲು

ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ ನೆನಪಿದ್ದಾರಾ? 2020ರಲ್ಲಿ ಒಂದು ವಿಡಿಯೋದಲ್ಲಿ ತೀರಾ ಸೊರಗಿ ಕಂಡರು ಅಂತ ಜನ ಏನೇನೋ ಬರೆದರು. ಆಡಿಕೊಂಡು ನಕ್ಕರು. ಆಗಸ್ಟ್ 28ರಂದು ಅವರು ಹೋದಾಗ ಗೊತ್ತಾಯಿತು, 2016ರಿಂದಲೂ ದೊಡ್ಡ ಕರುಳಿನ ಕ್ಯಾನ್ಸರ್ ಇತ್ತು, ಚಿಕಿತ್ಸೆಯ ನಡುವೆಯೇ ಅಷ್ಟೂ ಸಿನಿಮಾ ಮಾಡಿದ್ದರು ಅಂತ. ಸಾವಿನ ಸುದ್ದಿಯ ಆ ಟ್ವೀಟ್‌ಗೆ ಅದುವರೆಗೆ ಯಾವುದಕ್ಕೂ ಬಾರದಷ್ಟು ಲೈಕ್ ಬಂದವು. ಬದುಕಿದ್ದಾಗ ಬರೆದ ಮಾತುಗಳು ಅವರ ಕಣ್ಣಿಗೆ ಬಿದ್ದಿದ್ದವೋ ಏನೋ. ಲೈಕ್ ಅಂತೂ ಅವರು ನೋಡಲಿಲ್ಲ.

ನೇರಮಾತು

ಸತ್ತವರ ತಪ್ಪನ್ನು ಹೇಳಬಾರದು ಅನ್ನುವುದನ್ನು ಯಾರಾದರೂ ಒಪ್ಪುತ್ತೀರಾ? ನನಗೆ ಅಲ್ಲೇ ತಕರಾರು. ಜಾಕ್ಸನ್ ಮೇಲಿದ್ದ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರು ಎಂಬ ಪ್ರಕರಣದಲ್ಲಿ 2005ರಲ್ಲಿ ನ್ಯಾಯಾಲಯ ನಿರ್ದೋಷಿ ಅಂದಿತು. ಆರೋಪಗಳು ಮಾತ್ರ ಸಾವಿನ ನಂತರವೂ ನಿಲ್ಲಲಿಲ್ಲ. ನೊಂದೆ ಅನ್ನುವವರು ಆ ದಿನ ಟಿವಿ ಹಾಕಿದರೆ ಎಲ್ಲೆಲ್ಲೂ ಹೊಗಳಿಕೆ. ಅವರು ಎಲ್ಲಿ ಹೋಗಬೇಕು?

ಹಳೇ ಕ್ಯಾಸೆಟ್

ಹೇಳಲಿ. ಮೊದಲ ದಿನ, ಮಕ್ಕಳು ಹೆಣದ ಮುಂದೆ ಕೂತಿರುವಾಗ ಬೇಡ ಅನ್ನುತ್ತೇನೆ. ತೀರ್ಪು ಕೊಡುವ ಅವಸರ ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ ಅವರ ಕಥೆ ನೋಡಿ. 1963ರಲ್ಲಿ ಅವರು ಹೋದಾಗ, ವಿಚ್ಛೇದನದ ನಂತರ ಮತ್ತೆ ಮದುವೆಯಾದವರು ಅಂತ ಚರ್ಚು ಅಂತಿಮ ಪೂಜೆಯನ್ನೇ ನಿರಾಕರಿಸಿತು. ಪ್ಯಾರಿಸ್‌ನ ಬೀದಿಗಳಲ್ಲಿ ಮಾತ್ರ ಹತ್ತಾರು ಸಾವಿರ ಜನ ನಿಂತಿದ್ದರು. ಚರ್ಚಿನಲ್ಲಿ ಅವರ ನೆನಪಿನ ಪೂಜೆ ನಡೆದದ್ದು 50 ವರ್ಷದ ನಂತರ, 2013ರಲ್ಲಿ.

ನೇರಮಾತು

ಮರುಮದುವೆಯಾಗಿದ್ದು ಮತ್ತು ಇನ್ನೊಬ್ಬರಿಗೆ ನೋವು ಕೊಟ್ಟ ಆರೋಪ ಎರಡೂ ಒಂದೇ ಅಲ್ಲ ಸರ್. ‘ಇವತ್ತು ಬೇಡ’ ಅಂತ ಹೇಳಿಸಿಕೊಳ್ಳುವವರು ಯಾವಾಗಲೂ ಅದೇ ನೊಂದವರೇ ಆಗಿರುತ್ತಾರೆ. ಇದರಲ್ಲಿ ನಿಮ್ಮ ಮಾತು ಒಪ್ಪಲಾರೆ.

ನೆರಳು ಬೆಳಕು

ನಾನು ನೇರಮಾತು ಅವರ ಕಡೆ. ಆದರೆ ನೊಂದವರು ಮಾತಾಡುವುದು ಬೇರೆ, ಸಂಬಂಧವೇ ಇಲ್ಲದವರು ಮಜಾಕ್ಕೆ ಕೆದಕುವುದು ಬೇರೆ. ಲತಾ ಮಂಗೇಶ್ಕರ್ ಅವರ ಅಂತಿಮ ದರ್ಶನದಲ್ಲಿ, 2022ರ ಫೆಬ್ರುವರಿ 6ರಂದು, ಶಾರುಕ್ ಖಾನ್ ಕೈಯೆತ್ತಿ ದುವಾ ಮಾಡಿ, ದುವಾ ನಂತರದ ರೂಢಿಯಂತೆ ಮಾಸ್ಕ್ ಸರಿಸಿ ಮೆಲ್ಲಗೆ ಊದಿದರು. ಅದನ್ನೇ ಉಗುಳಿದರು ಅಂತ ಹಬ್ಬಿಸಿದರು. ಯಾರೋ ನೊಂದು ಹೇಳಿದ ಮಾತಲ್ಲ ಅದು. ಒಬ್ಬ ಮಹಾನ್ ಗಾಯಕಿಯ ಕೊನೆಯ ದಿನವನ್ನೇ ಜಗಳಕ್ಕೆ ಬಳಸಿಕೊಂಡರು.

ಹೊಸಬೆಳೆ

ಎಲ್ಲರ ಮಾತೂ ಓದಿದೆ. ಪುನೀತ್ ಹೋದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆ ಬರುವವರು ಒಮ್ಮೆಲೇ ಜಾಸ್ತಿಯಾದರು. ಜಿಮ್‌ಗೆ ಹೋದರೆ ಸಾಯುತ್ತಾರೆ ಅಂತ ಸುಮ್ನೆ ಹೆದರಿದವರೂ ಇದ್ದರು. ಆದರೆ ನಿಜವಾಗಿ ಉಳಿದಿದ್ದು ಕಣ್ಣಿನ ದಾನ. ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಪ್ರತಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಮೇಲಿನ ಪದರ, ಒಳಗಿನ ಪದರ ಅಂತ ಬಿಡಿಸಿದರು. ಮೇಲ್ಪದರ ಹಾಳಾದವರಿಗೆ ಮೇಲಿನದು, ಒಳಪದರ ಹಾಳಾದವರಿಗೆ ಒಳಗಿನದು ಹಾಕಿದರು. ಅದಾದ ಮೇಲೆ ಎಷ್ಟೊಂದು ಜನ ಹೆಸರು ಬರೆಸಿದರು. ನನಗೂ ಬರೆಸಬೇಕು ಅಂತ ಆಸೆ. ಆದರೆ ಸಕ್ಕರೆ ಕಾಯಿಲೆ ಇದೆ, ದಪ್ಪ ಕನ್ನಡಕ ಬೇರೆ. ತೆಗೆದುಕೊಳ್ಳುತ್ತಾರಾ?

ನೆರಳು ಬೆಳಕು

ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಕನ್ನಡಕ ಅಡ್ಡಿಯಲ್ಲ, ಸಕ್ಕರೆ ಕಾಯಿಲೆಯೂ ಅಡ್ಡಿಯಲ್ಲ, ವಯಸ್ಸಿನ ಮಿತಿಯೂ ಇಲ್ಲ. ರೇಬಿಸ್, ಎಚ್‌ಐವಿ, ಹೆಪಟೈಟಿಸ್‌ನಂಥ ಕೆಲವು ಸೋಂಕು ಇದ್ದರೆ ಮಾತ್ರ ಆಗುವುದಿಲ್ಲ. ಸಾವಾದ ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿವರೆಗೆ ಕಣ್ಣು ಮುಚ್ಚಿರಬೇಕು, ಮೇಲೆ ಒದ್ದೆ ಬಟ್ಟೆ ಇಡಬೇಕು, ಫ್ಯಾನ್ ಆರಿಸಬೇಕು. ಕಣ್ಣಿನ ಬ್ಯಾಂಕಿನವರೇ ಮನೆಗೆ ಬರುತ್ತಾರೆ. ಮುಖ ವಿಕಾರವಾಗುವುದಿಲ್ಲ. ಮುಖ್ಯ ವಿಷಯ, ನೀವು ಹೆಸರು ಬರೆಸಿದ್ದರೂ ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಫಾರ್ಮ್ ತುಂಬಿಸುವ ಮೊದಲು ಅವರ ಹತ್ತಿರ ಮಾತಾಡಿ.

ಹೊಸಬೆಳೆ

ಧನ್ಯವಾದ ಮೇಡಂ. ಇವತ್ತು ರಾತ್ರಿಯೇ ಮಗಳ ಹತ್ತಿರ ಹೇಳುತ್ತೇನೆ.